ಮೈಕ್ರೋವೇವ್ ಪ್ರಯೋಗಾಲಯದಲ್ಲಿ ಕಣ್ಣಿನ ರಕ್ಷಣೆ: ಕನ್ನಡಕ ಕೊಂಡರೆ ಸಾಕೇ?

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಹಾಸನ

ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೈಕ್ರೋವೇವ್ ಪ್ರಯೋಗಾಲಯದ ಹೊಣೆ ಹೊತ್ತಿದ್ದೇನೆ. ನಮ್ಮಲ್ಲಿರುವುದು ಹೆಚ್ಚಿನ ಕಾಲೇಜುಗಳಲ್ಲಿ ಕಾಣುವಂಥ, ಎಕ್ಸ್-ಬ್ಯಾಂಡ್ ಎಂಬ ಆವರ್ತನ ಪಟ್ಟಿಯ ಬೆಂಚುಗಳೇ. ಅಲೆ ಹುಟ್ಟಿಸಲು ಕೆಲವದರಲ್ಲಿ ಗನ್ ಡಯೋಡ್, ಉಳಿದವುಗಳಲ್ಲಿ ಹಳೆಯ ರಿಫ್ಲೆಕ್ಸ್ ಕ್ಲೈಸ್ಟ್ರಾನ್ ನಳಿಕೆ, ಅದರ ಮುಂದೆ ಮರಳುವ ಅಲೆಯನ್ನು ತಡೆಯುವ ಐಸೊಲೇಟರ್, ಶಕ್ತಿ ತಗ್ಗಿಸುವ ಅಟೆನ್ಯುಯೇಟರ್, ಅಲೆಯನ್ನು ಅಳೆಯಲು ಸೀಳಿರುವ ಸ್ಲಾಟೆಡ್ ಲೈನ್, ತುದಿಯಲ್ಲಿ ಅಲೆಯನ್ನು ಗ್ರಹಿಸುವ ಡಿಟೆಕ್ಟರ್ ಅಥವಾ ಕಹಳೆಯ ಬಾಯಿಯಂತೆ ಅಗಲಿಸಿದ ಹಾರ್ನ್ ಆಂಟೆನಾ. ಕೆಲಸ ನಡೆಯುವುದು 10 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಮೂಲದಿಂದ ಹೊರಬರುವ ಶಕ್ತಿ ಹೆಚ್ಚೆಂದರೆ 25 ಮಿಲಿವ್ಯಾಟ್ ಎಂದು ಕೈಪಿಡಿಯಲ್ಲಿದೆ.

ನನ್ನನ್ನು ಕಾಡುತ್ತಿರುವುದು ವಿದ್ಯಾರ್ಥಿಗಳು ಕೆಲಸ ಮಾಡುವ ರೀತಿ. ಎರಡು ಹಾರ್ನ್‌ಗಳನ್ನು ಎದುರುಬದುರು ಹೊಂದಿಸುವಾಗ ಅವರು ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಹಾರ್ನಿನ ಅಕ್ಷದ ಮೇಲೆಯೇ ಇಟ್ಟು ನೋಡುತ್ತಾರೆ. ಕೆಲವರು ಅಟೆನ್ಯುಯೇಟರಿನ ಫಲಕ ಸರಿಯುತ್ತಿದೆಯೇ ಎಂದು ತಿಳಿಯಲು, ಅಲೆಯನ್ನು ಸಾಗಿಸುವ ಲೋಹದ ಕೊಳವೆಯಾದ ವೇವ್‌ಗೈಡಿನ ತೆರೆದ ಬಾಯೊಳಗೆ ಇಣುಕುತ್ತಾರೆ. ಆಗ ಸಪ್ಲೈ ಆರಿಸಿರುವುದಿಲ್ಲ. ಹೇಳಿದರೆ, "ಏನೂ ಕಾಣುವುದಿಲ್ಲವಲ್ಲ, ಮೇಡಂ" ಎನ್ನುತ್ತಾರೆ.

ಇದರ ಜೊತೆಗೆ ಎರಡು ಹೊಸ ಸಂಗತಿಗಳು ಸೇರಿವೆ. ಸಂಶೋಧನಾ ಯೋಜನೆಯೊಂದಕ್ಕಾಗಿ 20 ವ್ಯಾಟಿನ ಟ್ರಾವೆಲಿಂಗ್ ವೇವ್ ಟ್ಯೂಬ್ ಆಂಪ್ಲಿಫೈಯರ್, ಅಂದರೆ ಮೈಕ್ರೋವೇವಿನ ಶಕ್ತಿಯನ್ನು ಹಿಗ್ಗಿಸುವ ನಳಿಕೆಯ ಉಪಕರಣ, ಒಂದು ಮುಂದಿನ ತಿಂಗಳು ನಮ್ಮ ಪ್ರಯೋಗಾಲಯಕ್ಕೆ ಬರಲಿದೆ. ಎರಡನೆಯದು, ಬಹುಕಾಲದಿಂದ ಈ ಬೆಂಚುಗಳ ನಡುವೆಯೇ ದುಡಿದಿರುವ ನಮ್ಮ ಹಿರಿಯ ಸಹಾಯಕರ ಬಲಗಣ್ಣಿನಲ್ಲಿ ಪೊರೆ ಮೂಡುತ್ತಿದೆ ಎಂದು ವೈದ್ಯರು ಈಚೆಗೆ ಹೇಳಿದ್ದಾರೆ. ಅವರ ವಯಸ್ಸು ಐವತ್ತಾರು. ಅಂದಿನಿಂದ ಅವರು ಬೆಂಚಿನ ಬಳಿ ನಿಲ್ಲಲು ಹಿಂಜರಿಯುತ್ತಿದ್ದಾರೆ, ವಿದ್ಯಾರ್ಥಿಗಳಿಗೂ ಆ ಅಂಜಿಕೆ ಹಬ್ಬಿದೆ. ಎಲ್ಲರಿಗೂ ರಕ್ಷಣಾ ಕನ್ನಡಕ ತರಿಸಿಬಿಟ್ಟರೆ ಮುಗಿಯಿತು ಎಂಬುದು ಆಡಳಿತ ಮಂಡಳಿಯ ಅಭಿಪ್ರಾಯ.

ಆದ್ದರಿಂದ ಕೇಳುತ್ತಿದ್ದೇನೆ. ಈಗಿರುವ ಬೆಂಚುಗಳಿಂದ ಕಣ್ಣಿಗೆ ನಿಜವಾದ ಅಪಾಯ ಎಷ್ಟು? ಕನ್ನಡಕದಿಂದ ಉಪಯೋಗವಿದೆಯೇ? 20 ವ್ಯಾಟ್ ಬಂದ ಮೇಲೆ ಏನೇನು ಬದಲಾಗಬೇಕು? ಮತ್ತು ನಮ್ಮ ಸಹಾಯಕರಿಗೆ ನಾನು ಏನು ಹೇಳಲಿ?

ಉತ್ತರ: ರೇಡಾರ್ ಪರೀಕ್ಷಣೆಯಲ್ಲಿ ದುಡಿದು ನಿವೃತ್ತನಾದ ಎಂಜಿನಿಯರ್, ಬೆಂಗಳೂರು

ಕೊನೆಯ ಪ್ರಶ್ನೆಯನ್ನು ವೈದ್ಯರಿಗೆ ಬಿಟ್ಟು ಉಳಿದ ಮೂರಕ್ಕೆ ಲೆಕ್ಕದ ಸಮೇತ ಉತ್ತರಿಸುತ್ತೇನೆ. ಈ ವಿಷಯದಲ್ಲಿ ಅಂಕಿಗಳಿಲ್ಲದ ಮಾತು ಒಂದೋ ಸುಮ್ಮನೆ ಹೆದರಿಸುತ್ತದೆ, ಇಲ್ಲವೇ ನಿಜವಾಗಿ ಹೆದರಬೇಕಾದಲ್ಲಿ ಧೈರ್ಯ ತುಂಬುತ್ತದೆ.

ಮೊದಲು ಈಗಿನ ಬೆಂಚು. ಎಕ್ಸ್-ಬ್ಯಾಂಡಿನ ಡಬ್ಲ್ಯೂಆರ್-90 ವೇವ್‌ಗೈಡಿನ ಒಳ ಅಳತೆ 22.86 ಮತ್ತು 10.16 ಮಿಲಿಮೀಟರ್, ಅಂದರೆ ಬಾಯಿಯ ವಿಸ್ತೀರ್ಣ ಸುಮಾರು 2.32 ಚದರ ಸೆಂಟಿಮೀಟರ್. 25 ಮಿಲಿವ್ಯಾಟ್ ಅಷ್ಟೂ ಆ ಬಾಯಿಯಿಂದ ಹೊರಬಂದರೆ ಅಲ್ಲಿನ ಸರಾಸರಿ ಸಾಂದ್ರತೆ ಚದರ ಸೆಂಟಿಮೀಟರಿಗೆ ಸುಮಾರು 10.8 ಮಿಲಿವ್ಯಾಟ್ ಆಗುತ್ತದೆ. ಅಲೆಯು ಗೈಡಿನ ಅಗಲದುದ್ದಕ್ಕೂ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ನಡುಗೆರೆಯ ಮೇಲೆ ಅದರ ಎರಡರಷ್ಟಿರುತ್ತದೆ. ಅಯಾನೀಕರಿಸದ ವಿಕಿರಣಗಳ ರಕ್ಷಣೆಗಾಗಿರುವ ಅಂತರರಾಷ್ಟ್ರೀಯ ಆಯೋಗ, ಅಂದರೆ ಇಕ್ನಿರ್ಪ್, ಇಡೀ ದೇಹದ ಮೇಲೆ ಬೀಳುವ ಅಲೆಗೆ ಈ ಆವರ್ತನಗಳಲ್ಲಿ ಹಾಕಿರುವ ಮಿತಿ ತರಬೇತಿ ಪಡೆದ ಕೆಲಸಗಾರರಿಗೆ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್, ಸಾರ್ವಜನಿಕರಿಗೆ 1 ಮಿಲಿವ್ಯಾಟ್. ದೇಹದ ಚಿಕ್ಕ ಭಾಗವೊಂದಕ್ಕೆ ಮಾತ್ರ ತಗುಲುವ ಅಲೆಗೆ ಅದು 2020ರ ಮಾರ್ಗಸೂಚಿಯಲ್ಲಿ ಬೇರೆ ಅಳತೆ ಕೊಟ್ಟಿದೆ. 6 ಗಿಗಾಹರ್ಟ್ಸ್ ಮೇಲ್ಪಟ್ಟಾಗ 4 ಚದರ ಸೆಂಟಿಮೀಟರ್ ಜಾಗದಲ್ಲಿ ಆರು ನಿಮಿಷಗಳ ಸರಾಸರಿಯಾಗಿ ಮೈಯೊಳಕ್ಕೆ ಹೀರಲ್ಪಡುವ ಶಕ್ತಿ, ಕೆಲಸಗಾರರಿಗೆ ಚದರ ಸೆಂಟಿಮೀಟರಿಗೆ 10 ಮಿಲಿವ್ಯಾಟ್, ಸಾರ್ವಜನಿಕರಿಗೆ 2 ಮಿಲಿವ್ಯಾಟ್ ದಾಟಬಾರದು. ನಿಮ್ಮ 25 ಮಿಲಿವ್ಯಾಟ್ ಅಷ್ಟನ್ನೂ ಕಣ್ಣು ಹೀರಿಕೊಂಡಿತೆಂದು ಅತ್ಯಂತ ಕೆಟ್ಟ ಸ್ಥಿತಿಯನ್ನು ಊಹಿಸಿದರೂ ಬರುವ ಉತ್ತರ 6.25. ಅದು ಕೆಲಸಗಾರರ ಮಿತಿಯೊಳಗಿದೆ, ಆದರೆ ಸಾರ್ವಜನಿಕರ ಮಿತಿಯನ್ನು ಮೂರು ಪಟ್ಟು ಮೀರಿದೆ. ವಿದ್ಯಾರ್ಥಿಗಳನ್ನು ನಾನು ಯಾವಾಗಲೂ ಸಾರ್ವಜನಿಕರ ಸಾಲಿನಲ್ಲೇ ಇಡುತ್ತೇನೆ, ಏಕೆಂದರೆ ಕಲಿಯಲು ಬಂದವರನ್ನು ತಿಳಿದು ಕೆಲಸ ಮಾಡುವವರೆಂದು ಎಣಿಸುವುದು ನ್ಯಾಯವಲ್ಲ.

ಹಾಗಾಗಿ ಕಣ್ಣನ್ನು ಗೈಡಿನ ಬಾಯಿಗೆ ಒತ್ತಿ ಇಣುಕುವ ಅಭ್ಯಾಸ ನಿಲ್ಲಲೇಬೇಕು. ಆದರೆ ಅದೇ ಬಾಯಿಯಿಂದ 30 ಸೆಂಟಿಮೀಟರ್ ಹಿಂದೆ ಸರಿದರೆ, ತೆರೆದ ಗೈಡಿನ ಗಳಿಕೆಯನ್ನು, ಅಂದರೆ ಅದು ಅಲೆಯನ್ನು ಒಂದೇ ದಿಕ್ಕಿಗೆ ಕೂಡಿಸುವ ಪ್ರಮಾಣವನ್ನು, ಐದು ಪಟ್ಟೆಂದು ಹಿಡಿದರೂ, ಸಾಂದ್ರತೆ ಚದರ ಸೆಂಟಿಮೀಟರಿಗೆ 0.011 ಮಿಲಿವ್ಯಾಟಿಗೆ ಇಳಿಯುತ್ತದೆ. 16 ಡೆಸಿಬೆಲ್, ಅಂದರೆ ಸುಮಾರು 40 ಪಟ್ಟು, ಗಳಿಕೆಯ ಹಾರ್ನಿನ ಎದುರು ಅರ್ಧ ಮೀಟರ್ ದೂರದಲ್ಲಿ ಅದು 0.03 ಮಾತ್ರ. ಅಲ್ಲಿ ಕುಳಿತು ಮೀಟರ್ ಓದುವವರ ಕಣ್ಣಿಗೆ ಏನೂ ಆಗದು. ನಿಮ್ಮ ಸಹಾಯಕರೂ ಅವರನ್ನು ನೋಡಿ ಹೆದರಿರುವ ಮಕ್ಕಳೂ ಈ ಸಂಖ್ಯೆಗಳನ್ನು ತಾವೇ ಕೂತು ಲೆಕ್ಕ ಹಾಕಿ ನೋಡಲಿ. ಶಕ್ತಿಯನ್ನು ಗಳಿಕೆಯಿಂದ ಗುಣಿಸಿ, ದೂರದ ವರ್ಗದ 4π ಪಟ್ಟಿನಿಂದ ಭಾಗಿಸುವುದಷ್ಟೇ ಕೆಲಸ. ಪಠ್ಯದಲ್ಲಿ ಹೇಗೂ ಇದೆ.

ಈಗ ಅದೇ ಹಾರ್ನಿಗೆ 20 ವ್ಯಾಟ್ ಕೊಡಿ. 5 ಮಿಲಿವ್ಯಾಟಿನ ಗೆರೆ ಹಾರ್ನಿನಿಂದ 1.13 ಮೀಟರ್ ಆಚೆಗೆ ಹೋಗುತ್ತದೆ, 1 ಮಿಲಿವ್ಯಾಟಿನ ಗೆರೆ ಎರಡೂವರೆ ಮೀಟರ್ ಆಚೆಗೆ. ಹಾರ್ನಿನ ಬಾಯಿ 60 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿನ ಸರಾಸರಿಯೇ 333 ಮಿಲಿವ್ಯಾಟ್. ತೆರೆದ ವೇವ್‌ಗೈಡಿನ ಬಾಯಲ್ಲಿ 8,600 ಮೀರುತ್ತದೆ. ಎದುರಿಗೊಂದು ಕಬ್ಬಿಣದ ಕಪಾಟು ಇದ್ದರಂತೂ ಹೋಗುವ ಅಲೆಯೂ ಮರಳುವ ಅಲೆಯೂ ಕೂಡಿ ಕೆಲವು ಬಿಂದುಗಳಲ್ಲಿ ಸಾಂದ್ರತೆ ನಾಲ್ಕು ಪಟ್ಟಾಗಬಹುದು. 25 ಮಿಲಿವ್ಯಾಟಿನ ಬೆಂಚಿನ ಮೇಲೆ ಬೆಳೆಸಿಕೊಂಡ ಅಭ್ಯಾಸವನ್ನು ಎಂಟುನೂರು ಪಟ್ಟು ಶಕ್ತಿಯ ಬೆಂಚಿಗೆ ಕೊಂಡೊಯ್ಯುವುದೇ ನಿಮ್ಮ ಮುಂದಿರುವ ನಿಜವಾದ ಅಪಾಯ. ಇಣುಕಬೇಡಿ ಎಂದು ಇಂದು ಕಲಿಸಬೇಕಾದ ಮುಖ್ಯ ಕಾರಣವೂ ಇದೇ.

ಕನ್ನಡಕದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಆ ಹಣವನ್ನು ಬೇರೆಡೆ ಬಳಸಿ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಸಿಗುವ ಪಾಲಿಕಾರ್ಬೊನೇಟ್ ಕನ್ನಡಕವಾಗಲಿ, ನೇರಳಾತೀತ ಕಿರಣ ತಡೆಯುವುದಾಗಲಿ, ಲೇಸರಿಗೆಂದು ಮಾಡಿದ್ದಾಗಲಿ ಮೈಕ್ರೋವೇವನ್ನು ತಡೆಯುವುದಿಲ್ಲ. ಅಲೆ ಪ್ಲಾಸ್ಟಿಕ್ಕನ್ನೂ ಗಾಜನ್ನೂ ಹಾಯ್ದುಹೋಗುತ್ತದೆ. ಲೋಹದ ತೆಳುಲೇಪವಿರುವ ಅಥವಾ ಸಣ್ಣ ತಂತಿಜಾಲವಿರುವ ವಿಶೇಷ ಕನ್ನಡಕಗಳು ಇವೆ ನಿಜ. ಅವುಗಳನ್ನು ಹಾಕಿಕೊಂಡವರು ಹಾರ್ನಿನ ಎದುರು ನಿಂತರೂ ಪರವಾಗಿಲ್ಲವೆಂದು ನಂಬಿಬಿಡುತ್ತಾರೆ, ಮತ್ತು ಆ ನಂಬಿಕೆಗೆ ಆಧಾರ ಬಹಳ ಕಡಿಮೆ.

ರಕ್ಷಣೆ ಇರಬೇಕಾದದ್ದು ಮೂಲದ ಬಳಿ. ಗೈಡಿನ ತುಂಡುಗಳನ್ನು ಕೂಡಿಸುವ ಫ್ಲೇಂಜಿನ ತಿರುಪು ಬಿಚ್ಚುವ ಮೊದಲು ಸಪ್ಲೈ ಆರಿಸಬೇಕು. ಬಳಸದ ಪ್ರತಿಯೊಂದು ಬಾಯಿಗೂ ಶಕ್ತಿಯನ್ನು ಹೀರಿಕೊಳ್ಳುವ ಹೊಂದಿಸಿದ ಲೋಡ್ ಅಥವಾ ಲೋಹದ ತಟ್ಟೆ ಇರಬೇಕು. ಹಾರ್ನ್‌ಗಳನ್ನು ಕಣ್ಣಿನಿಂದ ಹೊಂದಿಸುವುದನ್ನು ಬಿಟ್ಟು, ಮೂಲ ಆರಿಸಿ ದಾರ ಹಿಡಿದೋ, ಕಡಿಮೆ ಶಕ್ತಿಯ ಲೇಸರ್ ಗುರುತಿನಿಂದಲೋ ಹೊಂದಿಸಿ. ಕುಳಿತವರ ಕಣ್ಣೆತ್ತರಕ್ಕೆ ಹಾರ್ನಿನ ಅಕ್ಷ ಬಾರದಂತೆ ಮೇಜನ್ನು ಏರಿಸಿ ಅಥವಾ ಇಳಿಸಿ, ಅದರ ಮುಖವನ್ನು ನಡೆದಾಡುವ ದಾರಿಯ ಕಡೆಗಲ್ಲದೆ ಹೀರುವ ಫಲಕವಿರುವ ಗೋಡೆಯ ಕಡೆಗೆ ತಿರುಗಿಸಿ. 20 ವ್ಯಾಟಿನ ಬೆಂಚಿಗೆ ಬಾಗಿಲು ತೆರೆದರೆ ಶಕ್ತಿ ತಾನೇ ಕಡಿದುಹೋಗುವ ಇಂಟರ್‌ಲಾಕ್, ಹೊರಗೆ ಕೆಂಪು ದೀಪ, ನೆಲದ ಮೇಲೆ ಎರಡೂವರೆ ಮೀಟರಿನ ಗೆರೆ. ಇವಿಷ್ಟಕ್ಕೂ ಸೇರಿ ಲೋಹಲೇಪಿತ ಕನ್ನಡಕಗಳ ರಾಶಿಗಿಂತ ಕಡಿಮೆ ಖರ್ಚು ಬೀಳುತ್ತದೆಂದು ನನ್ನ ಅಂದಾಜು.

ಒಂದು ಮಾತು ಸೇರಿಸಬೇಕೆನಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಜೇಶ್ವರಿ ಚಟರ್ಜಿ ಮತ್ತು ಎಸ್. ಕೆ. ಚಟರ್ಜಿ 1950ರ ದಶಕದಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿದ ನಾಡು ಇದು. ಅಷ್ಟು ಹಳೆಯ ಪರಂಪರೆಯಿರುವಲ್ಲಿ ಪ್ರಯೋಗ ಕೈಪಿಡಿಯ ಮೊದಲ ಪುಟದಲ್ಲಿ ಕಣ್ಣಿನ ಬಗ್ಗೆ ನಾಲ್ಕು ಸಾಲು ಇರಬೇಕೆಂದು ಬಯಸುವುದು ಹೆಚ್ಚಿನ ಆಸೆಯೇನಲ್ಲ.

ಉತ್ತರ: ನೇತ್ರತಜ್ಞೆ, ಹುಬ್ಬಳ್ಳಿ

ಸಹಾಯಕರ ಪ್ರಶ್ನೆಗೆ ಬರುವ ಮೊದಲು, ಮೈಕ್ರೋವೇವಿನ ಮಾತು ಬಂದಾಗಲೆಲ್ಲ ಕಣ್ಣೇ ಏಕೆ ಮುಂದೆ ಬರುತ್ತದೆ ಎಂಬುದನ್ನು ಹೇಳುತ್ತೇನೆ. ಕಣ್ಣಿನ ಮಸೂರದಲ್ಲಿ ರಕ್ತನಾಳಗಳಿಲ್ಲ. ದೇಹದ ಬೇರೆ ಭಾಗ ಬಿಸಿಯಾದರೆ ಹರಿಯುವ ರಕ್ತ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ಮಸೂರಕ್ಕೆ ಆ ಸೌಲಭ್ಯವಿಲ್ಲ, ಅದು ಸುತ್ತಲಿನ ದ್ರವಗಳಿಗೆ ನಿಧಾನವಾಗಿ ಬಿಸಿ ಬಿಟ್ಟುಕೊಡಬೇಕು. ಅದರ ಪಾರದರ್ಶಕತೆ ನಿಂತಿರುವುದು ಕ್ರಿಸ್ಟಲಿನ್ ಎಂಬ ಪ್ರೋಟೀನುಗಳ ಅಚ್ಚುಕಟ್ಟಾದ ಜೋಡಣೆಯ ಮೇಲೆ. ಸಾಕಷ್ಟು ಬಿಸಿಯಾದರೆ ಆ ಪ್ರೋಟೀನು, ಬೆಂದ ಮೊಟ್ಟೆಯ ಲೋಳೆಯಂತೆ, ಬೆಳ್ಳಗಾಗುತ್ತದೆ ಮತ್ತು ಮರಳಿ ತಿಳಿಯಾಗುವುದಿಲ್ಲ. ಮಸೂರ ತನ್ನ ಹಳೆಯ ಕೋಶಗಳನ್ನು ಹೊರಹಾಕುವುದೂ ಇಲ್ಲ.

ಇದು ಬರೀ ಊಹೆಯಲ್ಲ. 1948ರಲ್ಲೇ ಅಮೆರಿಕದಲ್ಲಿ ಪ್ರಾಣಿಗಳ ಕಣ್ಣಿಗೆ ಮೈಕ್ರೋವೇವ್ ಹಾಯಿಸಿ ಪೊರೆ ಬರಿಸಿದ ಪ್ರಯೋಗಗಳು ಪ್ರಕಟವಾದವು. 1952ರಲ್ಲಿ ಹಿರ್ಷ್ ಮತ್ತು ಪಾರ್ಕರ್ ಎಂಬುವರು ಮೈಕ್ರೋವೇವ್ ಜನರೇಟರ್ ನಡೆಸುತ್ತಿದ್ದ ತಂತ್ರಜ್ಞನೊಬ್ಬನ ಎರಡೂ ಮಸೂರಗಳು ಮಬ್ಬಾದ ಪ್ರಕರಣವನ್ನು ವರದಿ ಮಾಡಿದರು. ಪ್ರಯೋಗಾಲಯದ ಕೆಲಸಗಾರರ ಕಣ್ಣಿನ ಬಗೆಗಿನ ಚರ್ಚೆಗೆ ಬಲ ಬಂದದ್ದು ಅದರಿಂದ. 1953ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹರ್ಮನ್ ಶ್ವಾನ್ ಚದರ ಸೆಂಟಿಮೀಟರಿಗೆ 10 ಮಿಲಿವ್ಯಾಟ್ ಎಂಬ ಮಿತಿಯನ್ನು ಸೂಚಿಸಿದರು, 1966ರ ಅಮೆರಿಕದ ಮಾನದಂಡ ಅದನ್ನೇ ಒಪ್ಪಿತು.

ಎಷ್ಟು ತೀವ್ರತೆಗೆ ಪೊರೆ ಬರುತ್ತದೆ ಎಂಬುದನ್ನು ಸಿಯಾಟಲಿನಲ್ಲಿ ಆರ್ಥರ್ ಗೈ ಮತ್ತು ಸಂಗಡಿಗರು 1975ರಲ್ಲಿ ಮೊಲಗಳ ಮೇಲೆ ಅಳೆದು ತೋರಿಸಿದರು. 2.45 ಗಿಗಾಹರ್ಟ್ಸ್ ಅಲೆ ಚದರ ಸೆಂಟಿಮೀಟರಿಗೆ 150 ಮಿಲಿವ್ಯಾಟಿನಂತೆ ನೂರು ನಿಮಿಷ ಬಿದ್ದು, ಮಸೂರದ ಹಿಂದಿನ ದ್ರವ 41 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಪೊರೆ ಮೂಡಿತು. ಮೊಲದ ಮೈಯನ್ನು ಮೊದಲೇ ತಣ್ಣಗಿರಿಸಿ ಅದೇ ಅಲೆಯನ್ನು ಹಾಯಿಸಿದಾಗ ಪೊರೆ ಬರಲಿಲ್ಲ. ಅಂದರೆ ಹಾನಿ ಮಾಡುವುದು ಬಿಸಿಯೇ ಹೊರತು ಅಲೆಯಲ್ಲಿ ಅಡಗಿದ ಬೇರಾವುದೋ ಗುಣವಲ್ಲ. ಮುಖದ ರಚನೆ ನಮ್ಮನ್ನು ಹೆಚ್ಚು ಹೋಲುವ ಕೋತಿಗಳಲ್ಲಿ ಅಂಥದೇ ತೀವ್ರತೆಗೆ ಪೊರೆ ಕಾಣಿಸಲಿಲ್ಲ. ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧದಲ್ಲಿ ರೇಡಾರಿನ ಬಳಿ ದುಡಿದ ಸೈನಿಕರ ದಾಖಲೆಗಳನ್ನು ಕ್ಲಿಯರಿ ಮತ್ತು ಸಂಗಡಿಗರು 1965ರಲ್ಲಿ ಪರಿಶೀಲಿಸಿದಾಗಲೂ ಅವರಲ್ಲಿ ಪೊರೆ ಹೆಚ್ಚಾಗಿ ಕಂಡುಬರಲಿಲ್ಲ.

ಈ ಹಿನ್ನೆಲೆಯಲ್ಲಿ ನಿಮ್ಮ ಸಹಾಯಕರನ್ನು ನೋಡಿ. ಪೊರೆ ತರಬಲ್ಲ ತೀವ್ರತೆ ನೂರು ಮಿಲಿವ್ಯಾಟಿನ ಮೇಲೆ, ಅದೂ ದೀರ್ಘ ಹೊತ್ತು. ಮೇಲಿನ ಎಂಜಿನಿಯರ್ ಅವರ ಲೆಕ್ಕದಂತೆ ಬೆಂಚಿನ ಬಳಿ ಇರುವುದು ಒಂದು ಮಿಲಿವ್ಯಾಟಿನ ನೂರನೇ ಒಂದರಿಂದ ಮೂರು ಭಾಗ. ಐವತ್ತಾರರ ವಯಸ್ಸಿನಲ್ಲಿ ಒಂದು ಕಣ್ಣಿನಲ್ಲಿ ಪೊರೆ ಮೊದಲಾಗುವುದು ನಮ್ಮ ದೇಶದಲ್ಲಿ ದಿನನಿತ್ಯ ಕಾಣುವ ಸಂಗತಿ. ಇದು ಮೈಕ್ರೋವೇವಿನಿಂದಲೇ ಬಂದದ್ದೆಂದು ಗುರುತಿಸಿ ಹೇಳಬಲ್ಲ ವಿಶಿಷ್ಟ ಚಿಹ್ನೆ ಯಾವ ಪೊರೆಯಲ್ಲೂ ಇಲ್ಲ. ಮಸೂರದ ಹಿಂಬದಿಯ ಕವಚಕ್ಕೆ ತಾಗಿದಂತೆ ಬರುವ ಪೊರೆಯನ್ನು ಕೆಲವರು ಮೈಕ್ರೋವೇವಿಗೆ ಜೋಡಿಸುವುದುಂಟು. ಅದೇ ಜಾಗದ ಪೊರೆ ಸ್ಟೀರಾಯ್ಡ್ ಔಷಧಿಗಳಿಂದ, ಸಕ್ಕರೆ ಕಾಯಿಲೆಯಿಂದ, ಎಕ್ಸ್-ಕಿರಣದಿಂದ, ಪೆಟ್ಟಿನಿಂದಲೂ ಬರುತ್ತದೆ. ಆದ್ದರಿಂದ ಅವರ ರಕ್ತದ ಸಕ್ಕರೆ ಪರೀಕ್ಷಿಸಿ, ಉಬ್ಬಸಕ್ಕೋ ಚರ್ಮಕ್ಕೋ ಸ್ಟೀರಾಯ್ಡ್ ಬಳಸಿದ್ದಾರೆಯೇ, ಆ ಕಣ್ಣಿಗೆ ಹಿಂದೆ ಪೆಟ್ಟು ಬಿದ್ದಿತ್ತೇ ಎಂದು ವಿಚಾರಿಸಿ. ಒಂದೇ ಕಣ್ಣಿನ ಪೊರೆಯಲ್ಲಿ ನಾನು ಮೊದಲು ಕೇಳುವುದು ಪೆಟ್ಟಿನ ಬಗ್ಗೆಯೇ.

ಇನ್ನು ಮುಂದಕ್ಕೆ ಒಂದು ಕೆಲಸ ಮಾಡಿ. 20 ವ್ಯಾಟಿನ ಬೆಂಚಿನಲ್ಲಿ ದುಡಿಯಲಿರುವ ಪ್ರತಿಯೊಬ್ಬರಿಗೂ ಕೆಲಸ ಆರಂಭಿಸುವ ಮೊದಲೇ ಪಾಪೆ ಅಗಲಿಸಿ ಸ್ಲಿಟ್ ಲ್ಯಾಂಪ್ (ಕಣ್ಣನ್ನು ಹಿಗ್ಗಿಸಿ ತೋರಿಸುವ ಸೂಕ್ಷ್ಮದರ್ಶಕ) ಪರೀಕ್ಷೆ ಮಾಡಿಸಿ, ಮಸೂರದ ಚಿತ್ರ ತೆಗೆಸಿ ಇಟ್ಟುಕೊಳ್ಳಿ. ಹುಟ್ಟಿನಿಂದಲೇ ಇರುವ ಸಣ್ಣ ಚುಕ್ಕೆಗಳು ಎಷ್ಟೋ ಜನರಲ್ಲಿರುತ್ತವೆ. ಹಿಂದಿನ ದಾಖಲೆಯಿಲ್ಲದಿದ್ದರೆ ಅವುಗಳನ್ನು ಮುಂದೊಂದು ದಿನ ಕೆಲಸದ ಮೇಲೆ ಹೊರಿಸಲಾಗುತ್ತದೆ, ಅಥವಾ ನಿಜವಾದ ಹಾನಿಯನ್ನು ಹುಟ್ಟಿನದೆಂದು ತಳ್ಳಿಹಾಕಲಾಗುತ್ತದೆ. ಎರಡೂ ಅನ್ಯಾಯವೇ.

ಉತ್ತರ: ರಸಾಯನಶಾಸ್ತ್ರ ಸಂಶೋಧಕ, ಧಾರವಾಡ

ನನ್ನ ಅನುಭವ ಬೇರೆ ಬಗೆಯ ಪ್ರಯೋಗಾಲಯದ್ದು, ಆದರೆ ಶಕ್ತಿಯ ಲೆಕ್ಕದಲ್ಲಿ ನಿಮ್ಮ 20 ವ್ಯಾಟನ್ನು ಬಹಳ ಹಿಂದೆ ಹಾಕುವಂಥದ್ದು. ರಾಸಾಯನಿಕ ಕ್ರಿಯೆಗಳನ್ನು ಬೇಗ ಮುಗಿಸಲು ಅಡುಗೆಮನೆಯ ಮೈಕ್ರೋವೇವ್ ಓವನ್ ತಂದಿಟ್ಟುಕೊಂಡಿರುವ ವಿಭಾಗಗಳು ಅನೇಕ. ಅದರೊಳಗಿನ, ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ನಳಿಕೆ 2.45 ಗಿಗಾಹರ್ಟ್ಸ್‌ನಲ್ಲಿ ಸುಮಾರು 700ರಿಂದ 1000 ವ್ಯಾಟ್ ಕೊಡುತ್ತದೆ, ಮತ್ತು ಆ ಆವರ್ತನದ ಅಲೆ ಅಂಗಾಂಶದೊಳಗೆ ಒಂದೂವರೆ ಎರಡು ಸೆಂಟಿಮೀಟರ್ ಇಳಿಯುತ್ತದೆ. ಮಸೂರ ಇರುವುದು ಆ ಆಳದೊಳಗೇ. 10 ಗಿಗಾಹರ್ಟ್ಸ್‌ನಲ್ಲಿ ಆಳ ಮೂರು ನಾಲ್ಕು ಮಿಲಿಮೀಟರಿಗೆ ಇಳಿಯುತ್ತದೆ. ಇನ್ನೂ ಮೇಲಿನ ಮಿಲಿಮೀಟರ್ ಅಲೆಗಳಲ್ಲಿ ಪೆಟ್ಟು ಬೀಳುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ.

ಓವನ್ ತಾನಾಗಿ ಅಪಾಯಕಾರಿಯಲ್ಲ. ಬಾಗಿಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದೆಂಬ ಮಾನದಂಡವನ್ನು ಅದು ಸುಲಭವಾಗಿ ಪಾಲಿಸುತ್ತದೆ. ಅಪಾಯ ಹುಟ್ಟುವುದು ನಾವು ಅದಕ್ಕೆ ಕೈಹಚ್ಚಿದಾಗ. ಕಂಡೆನ್ಸರ್ ಕೊಳವೆ ತೂರಿಸಲು ಮೇಲ್ಭಾಗದಲ್ಲಿ ತೂತು ಕೊರೆಯುವುದು, ಬಾಗಿಲು ತೆರೆದಿದ್ದರೂ ನಡೆಯುವಂತೆ ಸ್ವಿಚ್ಚನ್ನು ಕಟ್ಟಿಹಾಕುವುದು, ಆಮ್ಲದ ಆವಿಯಿಂದ ತುಕ್ಕು ಹಿಡಿದ ಬಾಗಿಲನ್ನು ಹಾಗೇ ಬಳಸುವುದು, ಇವೆಲ್ಲ ನಾನು ಕಂಡಿರುವ ಸಂಗತಿಗಳೇ. ಬಾಗಿಲಿನ ಅಂಚಿನೊಳಗೆ ಅಲೆಯ ಕಾಲುಭಾಗ ಉದ್ದಕ್ಕೆ ಸರಿಯಾಗಿ ಕೊರೆದ ತೋಡು ಸೋರಿಕೆಯನ್ನು ತಡೆಯುತ್ತಿರುತ್ತದೆ. ಕೀಲು ಸ್ವಲ್ಪ ಬಾಗಿದರೂ, ಅಂಚಿನಲ್ಲಿ ಕಿಟ್ಟ ಕಟ್ಟಿದರೂ ಆ ಲೆಕ್ಕ ತಪ್ಪುತ್ತದೆ.

ಕೊಳವೆ ಒಳಗೆ ಹೋಗಲೇಬೇಕಾದರೆ ದಾರಿ ಇದೆ. ತೂತಿನ ಸುತ್ತ ಲೋಹದ ಕೊಳವೆಯೊಂದನ್ನು ಓವನ್ನಿನ ತಗಡಿಗೆ ಬೆಸೆಯಬೇಕು. 2.45 ಗಿಗಾಹರ್ಟ್ಸ್ ಅಲೆ 7.2 ಸೆಂಟಿಮೀಟರಿಗಿಂತ ಕಿರಿದಾದ ದುಂಡು ಕೊಳವೆಯಲ್ಲಿ ಹರಿಯಲಾರದು, ಬೇಗನೆ ಕುಗ್ಗಿಹೋಗುತ್ತದೆ. ಎರಡೂವರೆ ಸೆಂಟಿಮೀಟರ್ ಅಗಲದ ಕೊಳವೆ ಪ್ರತಿ ಎರಡೂವರೆ ಸೆಂಟಿಮೀಟರ್ ಉದ್ದಕ್ಕೂ ಸುಮಾರು 30 ಡೆಸಿಬೆಲ್ ತಗ್ಗಿಸುತ್ತದೆ; ಐದು ಸೆಂಟಿಮೀಟರ್ ಉದ್ದವಿದ್ದರೆ ಒಂದು ಕಿಲೋವ್ಯಾಟು ಒಂದು ಮಿಲಿವ್ಯಾಟಿನ ಮಟ್ಟಕ್ಕೆ ಬರುತ್ತದೆ. ಆದರೆ ಅದೇ ಕೊಳವೆಯೊಳಗೆ ತಾಪ ಅಳೆಯುವ ಥರ್ಮೊಕಪಲ್ ತಂತಿಯನ್ನು ತೂರಿಸಿದ ಕ್ಷಣ ಅದು ಕೋಯಾಕ್ಸಿಯಲ್ ಕೇಬಲಿನಂತಾಗಿ, ತಡೆಯುವ ಗುಣ ಪೂರ್ತಿ ಹೋಗಿ, ಶಕ್ತಿಯನ್ನು ನೇರವಾಗಿ ಹೊರಗೆ ತರುತ್ತದೆ. ತಂತಿಯ ಮೇಲೆ ಬಗ್ಗಿ ನೋಡುತ್ತಿರುವ ಸಂಶೋಧಕನಿಗೆ ಅದು ತಿಳಿಯುವುದೂ ಇಲ್ಲ. ಈ ಆವರ್ತನದಲ್ಲಿ ಚರ್ಮಕ್ಕೆ ಬಿಸಿ ಗೊತ್ತಾಗಬೇಕಾದರೆ ಚದರ ಸೆಂಟಿಮೀಟರಿಗೆ ಸುಮಾರು 60 ಮಿಲಿವ್ಯಾಟಾದರೂ ಬೇಕು. ಬಿಸಿಯಾದರೆ ಸರಿಯೋಣ ಎಂಬ ಭರವಸೆ ಇಲ್ಲಿ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಲೆಕ್ಕವನ್ನು ಸಹಾಯಕರೊಂದಿಗೆ ಕೂತು ಮಾಡಿದೆ. ಅವರ ಬಲಗಣ್ಣಿಗೆ ಹಿಂದೆ ಕ್ರಿಕೆಟ್ ಚೆಂಡು ಬಡಿದಿತ್ತಂತೆ. ಈವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಎರಡು ಸಂದೇಹಗಳು ಉಳಿದಿವೆ. ಓವನ್ನಿನ ಬಾಗಿಲಿನ ತಂತಿಜಾಲ ಒಂದು ಕಿಲೋವ್ಯಾಟನ್ನು ತಡೆಯುವುದಾದರೆ, ಅದೇ ಜಾಲವಿರುವ ಕನ್ನಡಕ ಏಕೆ ತಡೆಯಲಾರದು ಎಂದು ನಮ್ಮ ಪ್ರಾಂಶುಪಾಲರು ಕೇಳುತ್ತಾರೆ. ಎರಡನೆಯದು, ಓವನ್ ಸೋರಿಕೆ ಪರೀಕ್ಷಿಸುವ ಅಗ್ಗದ ಮೀಟರ್ ಒಂದು ನಮ್ಮಲ್ಲಿದೆ. ಹೊಸ ಬೆಂಚಿಗೆ ಅದು ಸಾಕೇ?

ಉತ್ತರ: ನಿವೃತ್ತ ಎಂಜಿನಿಯರ್, ಬೆಂಗಳೂರು

ಪ್ರಾಂಶುಪಾಲರ ಪ್ರಶ್ನೆ ಸರಿಯಾದದ್ದೇ. ಬಾಗಿಲಿನ ಜಾಲ ತನ್ನಷ್ಟಕ್ಕೆ ಕೆಲಸ ಮಾಡುವುದಿಲ್ಲ. ಅದು ನಾಲ್ಕೂ ಕಡೆ ಲೋಹದ ಪೆಟ್ಟಿಗೆಗೆ ಕೂಡಿಕೊಂಡು, ಎಲ್ಲಿಯೂ ಬಿರುಕಿಲ್ಲದ ಪೆಟ್ಟಿಗೆಯ ಒಂದು ಗೋಡೆಯಾಗಿರುತ್ತದೆ. ಕನ್ನಡಕದ ಜಾಲದ ಅಂಚಿಗೂ ಕೆನ್ನೆ, ಮೂಗು, ಕಪಾಲಕ್ಕೂ ನಡುವೆ ಸಂದಿ ಇದ್ದೇ ಇರುತ್ತದೆ. 10 ಗಿಗಾಹರ್ಟ್ಸ್ ಅಲೆಯ ಉದ್ದ 3 ಸೆಂಟಿಮೀಟರ್. ಅದರ ಅರ್ಧ, ಅಂದರೆ ಒಂದೂವರೆ ಸೆಂಟಿಮೀಟರ್ ಉದ್ದದ ಸೀಳೊಂದೇ ಅಲೆ ಒಳನುಗ್ಗಲು ಸಾಕು, ಸೀಳು ಎಷ್ಟೇ ಕಿರಿದಾಗಿರಲಿ. ಒಳಹೊಕ್ಕ ಅಲೆ ಜಾಲಕ್ಕೂ ಮುಖಕ್ಕೂ ನಡುವೆ ಸಿಕ್ಕಿಕೊಂಡು ಪ್ರತಿಫಲಿಸುತ್ತದೆ. ಸಾಮಾನ್ಯ ಲೋಹದ ಚೌಕಟ್ಟಿನ ಕನ್ನಡಕವೇ ಕೆಲವು ಆವರ್ತನಗಳಲ್ಲಿ ಕಣ್ಣಿಗೆ ಸೇರುವ ಶಕ್ತಿಯನ್ನು ಹೆಚ್ಚಿಸುತ್ತದೆ, ಕೆಲವದರಲ್ಲಿ ತಗ್ಗಿಸುತ್ತದೆ ಎಂದು ಲೆಕ್ಕಾಚಾರಗಳು ತೋರಿಸಿವೆ. ಹಾಗೆಂದು ದೃಷ್ಟಿಗೆ ಕನ್ನಡಕ ಹಾಕುವವರು ಬೆಂಚಿನ ಬಳಿ ಅದನ್ನು ತೆಗೆದಿಡಬೇಕಿಲ್ಲ. ಮಿತಿಯೊಳಗಿನ ಜಾಗದಲ್ಲಿ ಇದ್ದರಾಯಿತು.

ಮೀಟರಿನ ವಿಷಯದಲ್ಲಿ ದಯವಿಟ್ಟು ಎಚ್ಚರ ವಹಿಸಿ. ಓವನ್ ಮೀಟರ್ 2.45 ಗಿಗಾಹರ್ಟ್ಸ್‌ಗೆ ಮಾತ್ರ ಅಳತೆ ಹೊಂದಿಸಿದ್ದು. 10 ಗಿಗಾಹರ್ಟ್ಸ್‌ನಲ್ಲಿ ಅದು ತೋರಿಸುವ ಸಂಖ್ಯೆಗೆ ಅರ್ಥವಿಲ್ಲ, ಸೊನ್ನೆ ತೋರಿಸಿದರೂ ನಂಬಬಾರದು. ನಿಮಗೆ ಬೇಕಾದದ್ದು ಎಲ್ಲ ದಿಕ್ಕಿನ ಅಲೆಯನ್ನೂ ಸಮನಾಗಿ ಗ್ರಹಿಸುವ, ಎಕ್ಸ್-ಬ್ಯಾಂಡನ್ನು ಒಳಗೊಂಡು ಪ್ರಮಾಣೀಕರಿಸಿದ ವಿಶಾಲ ಪಟ್ಟಿಯ ಪ್ರೋಬ್. ಕೊಳ್ಳಲು ಕಷ್ಟವಾದರೆ ಬಾಡಿಗೆಗೋ ಎರವಲಿಗೋ ತಂದು, ಆಂಪ್ಲಿಫೈಯರ್ ಜೋಡಿಸಿದ ದಿನ ಒಮ್ಮೆ ಪೂರ್ತಿ ಅಳೆದು ನೆಲದ ಮೇಲೆ ಗೆರೆ ಹಾಕಿ, ವೇವ್‌ಗೈಡ್ ಜೋಡಣೆ ಬದಲಾಯಿಸಿದಾಗಲೆಲ್ಲ ಮತ್ತೆ ಅಳೆಯಿರಿ. ಅಳೆಯುವಾಗ ಕಡಿಮೆ ಶಕ್ತಿಯಿಂದ ಆರಂಭಿಸಿ, ದೂರದಿಂದ ಹತ್ತಿರಕ್ಕೆ ಬನ್ನಿ. ಪ್ರೋಬನ್ನು ತೋಳು ಚಾಚಿ ಹಿಡಿಯಿರಿ, ಮುಖ ಅದರ ಹಿಂದಿರಲಿ.

ನಮ್ಮ ದೇಶದ ದೂರಸಂಪರ್ಕ ಇಲಾಖೆ 2012ರ ಸೆಪ್ಟೆಂಬರಿನಿಂದ ಮೊಬೈಲ್ ಗೋಪುರಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನು, ಅಂದರೆ ಈ ಆವರ್ತನಗಳಲ್ಲಿ ಚದರ ಸೆಂಟಿಮೀಟರಿಗೆ 0.1 ಮಿಲಿವ್ಯಾಟನ್ನು, ವಿಧಿಸಿತು. ಅದು ಪ್ರಯೋಗಾಲಯಕ್ಕೆಂದು ಬರೆದದ್ದಲ್ಲ. ಆದರೂ ವಿದ್ಯಾರ್ಥಿಗಳು ಕೂರುವ ಜಾಗಕ್ಕೆ ನೀವೇ ಅದನ್ನು ಗುರಿಯಾಗಿ ಇಟ್ಟುಕೊಂಡರೆ ಯಾರೂ ಆಕ್ಷೇಪಿಸಲಾರರು. ಹಾರ್ನಿನ ಮುಖ ಹೀರುವ ಗೋಡೆಯ ಕಡೆಗಿದ್ದರೆ ಅದನ್ನು ಸಾಧಿಸುವುದು ಕಷ್ಟವೂ ಅಲ್ಲ.

ಉತ್ತರ: ವೇಗವರ್ಧಕ ಕೇಂದ್ರವೊಂದರ ತಂತ್ರಜ್ಞ, ಹ್ಯಾಂಬರ್ಗ್

ಇಲ್ಲಿಯವರೆಗೆ ಯಾರೂ ಎತ್ತದ ಒಂದು ಅಂಶವನ್ನು ಸೇರಿಸುತ್ತೇನೆ. ಹೆಚ್ಚಿನ ಶಕ್ತಿಯ ಮೈಕ್ರೋವೇವ್ ನಳಿಕೆಗಳಲ್ಲಿ ಎಲೆಕ್ಟ್ರಾನುಗಳು ಹತ್ತಾರು ಸಾವಿರ ವೋಲ್ಟಿನ ಒತ್ತಡದಿಂದ ಓಡಿ ಲೋಹಕ್ಕೆ ಬಡಿಯುತ್ತವೆ. ಬಡಿದಾಗ ಎಕ್ಸ್-ಕಿರಣ ಹುಟ್ಟುತ್ತದೆ. ದೊಡ್ಡ ಕ್ಲೈಸ್ಟ್ರಾನುಗಳನ್ನು ಸೀಸದ ಹೊದಿಕೆಯೊಳಗೆ ಇಡುವುದು ಇದೇ ಕಾರಣಕ್ಕೆ. ಮಸೂರದ ಮಟ್ಟಿಗೆ ಎಕ್ಸ್-ಕಿರಣ ಮೈಕ್ರೋವೇವಿಗಿಂತ ಹೆಚ್ಚು ಕುಟಿಲ ಶತ್ರು, ಏಕೆಂದರೆ ಅದರ ಹಾನಿ ಬಿಸಿಯ ದಾರಿಯಿಂದ ಬರುವುದಿಲ್ಲ, ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಮಸೂರಕ್ಕೆ ಕೆಲಸಗಾರರ ಮಿತಿ ಹಿಂದೆ ವರ್ಷಕ್ಕೆ 150 ಮಿಲಿಸೀವರ್ಟ್ (ವಿಕಿರಣದ ಪ್ರಮಾಣ ಅಳೆಯುವ ಮಾನ) ಇತ್ತು. 2011ರಲ್ಲಿ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಅದನ್ನು ಐದು ವರ್ಷಗಳ ಸರಾಸರಿಯಾಗಿ ವರ್ಷಕ್ಕೆ 20ಕ್ಕೆ ಇಳಿಸಿತು.

ನಿಮ್ಮ ರಿಫ್ಲೆಕ್ಸ್ ಕ್ಲೈಸ್ಟ್ರಾನ್ ಸುಮಾರು 300 ವೋಲ್ಟಿನಲ್ಲಿ ನಡೆಯುವಂಥದ್ದು, ಅದರಿಂದ ಈ ಭಯವಿಲ್ಲ. 20 ವ್ಯಾಟಿನ ಟ್ರಾವೆಲಿಂಗ್ ವೇವ್ ಟ್ಯೂಬಿನಲ್ಲಿ ಕೆಲವು ಸಾವಿರ ವೋಲ್ಟ್ ಇರುತ್ತದೆ. ಅದರಿಂದ ಹುಟ್ಟುವ ಮೃದು ಕಿರಣವನ್ನು ನಳಿಕೆಯ ಲೋಹ ಮತ್ತು ಸೆರಾಮಿಕ್ ಕವಚವೇ ಹೀರಿಕೊಳ್ಳುತ್ತದೆ. ಆದರೆ ಮುಚ್ಚಳ ತೆಗೆದು ಒಳಗೆ ಕೈಹಾಕಿದರೆ ಆ ವೋಲ್ಟೇಜೇ ಪ್ರಾಣ ತೆಗೆಯುತ್ತದೆ. ಮುಂದೆ ನಿಮ್ಮ ಕಾಲೇಜಿಗೆ ರೇಡಾರ್ ಮ್ಯಾಗ್ನೆಟ್ರಾನಿನಂಥ ಹೆಚ್ಚಿನ ವೋಲ್ಟೇಜಿನ ಉಪಕರಣ ಬಂದರೆ, ಮೈಕ್ರೋವೇವ್ ಪ್ರೋಬಿನ ಜೊತೆ ಎಕ್ಸ್-ಕಿರಣದ ಮೀಟರನ್ನೂ ಕೇಳಿ ಪಡೆಯಿರಿ. ಮಿಡಿತಗಳಲ್ಲಿ ನಡೆಯುವ ಉಪಕರಣದ ಸರಾಸರಿ ಶಕ್ತಿ ಸಣ್ಣದೆಂದು ಮೋಸಹೋಗಬಾರದು. ಒಂದು ಮೆಗಾವ್ಯಾಟಿನ ಮಿಡಿತ ಸಮಯದ ಸಾವಿರದಲ್ಲೊಂದು ಪಾಲು ಮಾತ್ರ ಇದ್ದರೂ ಸರಾಸರಿ ಒಂದು ಕಿಲೋವ್ಯಾಟ್ ಆಗುತ್ತದೆ.

ಪ್ರಶ್ನೆ ಕೇಳಿದವರು

ಕನ್ನಡಕದ ಪ್ರಸ್ತಾವನೆಯನ್ನು ಹಿಂತೆಗೆದುಕೊಂಡು, ಇಂಟರ್‌ಲಾಕ್, ಹೀರುವ ಫಲಕ ಮತ್ತು ಪ್ರೋಬಿನ ಬಾಡಿಗೆಗೆ ಹೊಸ ಬೇಡಿಕೆ ಸಲ್ಲಿಸಿದ್ದೇನೆ. ಬೆಂಚುಗಳ ಮೇಲೆ ಬಳಸದ ಬಾಯಿಗಳಿಗೆಲ್ಲ ಹಿತ್ತಾಳೆಯ ತಟ್ಟೆಗಳನ್ನು ನಮ್ಮ ವರ್ಕ್‌ಶಾಪಿನಲ್ಲೇ ಮಾಡಿಸುತ್ತಿದ್ದೇವೆ. ಸಹಾಯಕರದು ಕೊನೆಯದೊಂದು ಪ್ರಶ್ನೆ: ಪೊರೆ ತೆಗೆಸಿ ಕೃತಕ ಮಸೂರ ಹಾಕಿಸಿಕೊಂಡ ಮೇಲೆ ಮೈಕ್ರೋವೇವಿನ ಹತ್ತಿರ ಕೆಲಸ ಮಾಡಬಹುದೇ, ಆ ಮಸೂರ ಬಿಸಿಯಾಗುವುದಿಲ್ಲವೇ?

ಉತ್ತರ: ನೇತ್ರತಜ್ಞೆ, ಹುಬ್ಬಳ್ಳಿ

ಧಾರಾಳವಾಗಿ ಮಾಡಬಹುದು. ಈಗ ಹಾಕುವ ಕೃತಕ ಮಸೂರಗಳು ಬಹುತೇಕ ಅಕ್ರಿಲಿಕ್ಕಿನವು, ಅವುಗಳಲ್ಲಿ ಲೋಹವಿಲ್ಲ. ಮಿತಿಯೊಳಗಿನ ಅಲೆಯಿಂದ ಅವು ಬಿಸಿಯಾಗುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರ ಕಣ್ಣಿಗೆ ಮೈಕ್ರೋವೇವಿನಿಂದ ಲೆನ್ಸ್ ಅಂಟಿಕೊಳ್ಳುತ್ತದೆಂಬ ಮಾತೂ ಆಗಾಗ ಕೇಳಿಬರುತ್ತದೆ, ಅದು ಸುಳ್ಳು ವದಂತಿ. ಶಸ್ತ್ರಚಿಕಿತ್ಸೆಯ ನಂತರ ದೂಳು ಮತ್ತು ಪೆಟ್ಟಿನಿಂದ ಕಣ್ಣನ್ನು ಕಾಪಾಡಿಕೊಳ್ಳಲು ಹೇಳುವ ಕೆಲವು ವಾರಗಳ ಎಚ್ಚರಿಕೆ ಎಲ್ಲರಿಗೂ ಇರುವಂಥದ್ದೇ, ಅವರಿಗೆ ಬೇರೆಯದಿಲ್ಲ. ಪೆಟ್ಟು ಬಿದ್ದ ಕಣ್ಣಾದ್ದರಿಂದ ಮಸೂರವನ್ನು ಹಿಡಿದಿಡುವ ಎಳೆಗಳು ಸಡಿಲವಾಗಿರುವ ಸಂಭವವುಂಟು, ಒಳಗಿನ ಒತ್ತಡವೂ ಏರಿರಬಹುದು. ಚೆಂಡು ಬಡಿದ ಸಂಗತಿಯನ್ನು ಅವರು ತಮ್ಮ ವೈದ್ಯರಿಗೆ ತಪ್ಪದೆ ತಿಳಿಸಿ, ಅಕ್ಷಿಪಟವನ್ನೂ ಕಣ್ಣಿನ ಒತ್ತಡವನ್ನೂ ಪರೀಕ್ಷಿಸಿಕೊಂಡ ನಂತರವೇ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿಕೊಳ್ಳಲಿ. ಅಲ್ಲಿಯವರೆಗೆ ಅವರು ಬೆಂಚಿನ ಬಳಿ ಎಂದಿನಂತೆ ಕೆಲಸ ಮಾಡಲು ಕಣ್ಣಿನ ದೃಷ್ಟಿಯಿಂದ ಯಾವ ಅಡ್ಡಿಯೂ ಇಲ್ಲ.